ಮೊದಲ ದೊಡ್ಡಿಯ ಬಾಗಿಲು

ಅಳಿವೆಯ ಗುಡಿಸಲು, ಮೆಸೊಲೊಂಗಿ
೧೯೬೧ ಜುಲೈ ೨೮

ಅಪ್ಪ,

ಬಲೆಯ ಅಂಚಿಗೆ ಸೀಸದ ಗುಂಡು ಕಟ್ಟುವ ಹಾಗೆ ನಿನ್ನ ಕಾಲಿಗೆ ತೂಕ ಕಟ್ಟಿ ಮಲಗಿಸಿದ್ದಾರೆಂದು ಫೋಟಿಸ್ ಬಂದು ಹೇಳಿದ. ಸೊಂಟದ ಮೂಳೆ ಕೂಡಲು ಚಳಿಗಾಲ ಬರಬೇಕಂತೆ. ಅಮ್ಮ ಕೂಡಲೇ ನಿನ್ನ ಉಣ್ಣೆಯ ಬನಿಯನ್ ಹುಡುಕಿ, ತೊಳೆದು, ಹಗ್ಗಕ್ಕೆ ಹಾಕಿದಳು. ಈ ಬಿಸಿಲಿನಲ್ಲಿ ಉಣ್ಣೆ ಯಾಕೆಂದು ನಾನು ಕೇಳಲಿಲ್ಲ.

ನೀನು ಜಾರಿ ಬಿದ್ದ ಕಡೆ ಕಾಲುಹಲಗೆ ಬದಲಿಸಿದ್ದೇನೆ. ಅಳಿವೆಗೆ ಅಡ್ಡ ಕಟ್ಟಿದ ತಡಿಕೆಯಲ್ಲಿ ಕೊಳೆತಿದ್ದ ಜೊಂಡನ್ನೆಲ್ಲ ಕಿತ್ತು ಹೊಸದು ಹೆಣೆದಾಯಿತು. ಈಗ ಮೀನು ಕೂಡಿಹಾಕುವ ನಮ್ಮ ದೊಡ್ಡಿಯ ಗೋಡೆಯಲ್ಲಿ ಬೆರಳು ತೂರಿಸುವಷ್ಟು ಸಂದೂ ಇಲ್ಲ. ನಿನ್ನೆ ಸ್ಟಾಮೂಲಿಸ್ ಮಾವ ದೋಣಿ ನಿಲ್ಲಿಸಿ ನೋಡಿದ. ತಂಡದ ಯಜಮಾನನಲ್ಲವೇ, ಎಲ್ಲವನ್ನೂ ಮುಟ್ಟಿ ನೋಡಬೇಕು.

"ಯಾರು ಹೆಣೆದಿದ್ದು ಇದನ್ನ?"

"ನಾನು."

"ಏನಂದೆ?"

"ನಾನೇ ಮಾವ."

"ಸ್ವಲ್ಪ ಗಟ್ಟಿಯಾಗಿ ಮಾತಾಡೇ ಮಾರಾಯ್ತಿ. ನೀನು ಹೇಳಿದ್ದು ಕೇಳ್ಬೇಕು ಅಂದ್ರೆ ನೀರಿಗೆ ಕಿವಿ ಹಚ್ಕೊಂಡು ಕೂರ್ಬೇಕು."

ಗಂಡಸರ ಎದುರಿಗೆ ನನ್ನ ದನಿ ಏಳುವುದಿಲ್ಲ, ನಿನಗೆ ಗೊತ್ತು. ಕಾಗದದ ಮೇಲೆ ಹಾಗಾಗುವುದಿಲ್ಲ. ಆದ್ದರಿಂದ ಇಲ್ಲೇ ಹೇಳಿಬಿಡುತ್ತೇನೆ. ಶಿಲುಬೆ ಹಬ್ಬದ ದಿನ ನಮ್ಮ ಮನೆಯವರು ಯಾರೂ ಗೂಟ ನೆಡದಿದ್ದರೆ ಮೊದಲ ದೊಡ್ಡಿ ನಮ್ಮ ಕೈತಪ್ಪಿದ ಹಾಗೆ. ಒಮ್ಮೆ ಬೇರೆಯವರ ಗೂಟ ಬಿದ್ದ ಮೇಲೆ ಮತ್ತೆ ಸಿಗುವುದಿಲ್ಲ. ಅಜ್ಜ ನೆಟ್ಟ, ನೀನು ನೆಟ್ಟೆ. ಈ ವರ್ಷ ನಾನು ನೆಡುತ್ತೇನೆ.

ಕಾಲು ಅಲ್ಲಾಡಿಸಬೇಡ. ಕೋಪ ಬಂದರೂ ಅಲ್ಲಾಡಿಸಬೇಡ.

ನಿನ್ನ ಮಗಳು,
ಗರೂಫೊ


ಆಸ್ಪತ್ರೆ, ಪಾತ್ರಾಸ್
ಆಗಸ್ಟ್ ೫

ಗರೂಫೊ,

ಕಾಲು ಅಲ್ಲಾಡಿಸಿದೆ. ನರ್ಸು ಬಂದು ಬೈದಳು. ಆ ಬೈಗುಳ ನಿನ್ನ ಲೆಕ್ಕಕ್ಕೆ.

ಹೆಂಗಸರ ಜಾಗ ಉಪ್ಪಿನ ಹಲಗೆಯ ಹತ್ತಿರ. ಮೀನಿನ ಹೊಟ್ಟೆ ಸೀಳಿ, ಮೊಟ್ಟೆಚೀಲ ಹರಿಯದ ಹಾಗೆ ತೆಗೆಯುವುದರಲ್ಲಿ ನಿನ್ನನ್ನು ಮೀರಿಸುವವರು ಇಡೀ ಹಿನ್ನೀರಿನಲ್ಲಿ ಇಲ್ಲ. ಅದನ್ನು ನಾನು ಬೇರೆಯವರ ಎದುರಿಗೂ ಹೇಳಿದ್ದೇನೆ. ಆದರೆ ತಡಿಕೆಯ ಮೇಲಿನ ಕೆಲಸ ಬೇರೆ. ಅಲ್ಲಿ ಕೂಗಬೇಕು, ಬೈಯಬೇಕು, ಬೈಸಿಕೊಳ್ಳಬೇಕು. ಮೊದಲ ದೊಡ್ಡಿಯ ಬಾಗಿಲು ಇಳಿದ ಮೇಲೆಯೇ ಉಳಿದ ದೊಡ್ಡಿಗಳವರು ತಮ್ಮ ಬಾಗಿಲು ಇಳಿಸುವುದು. ಬೇಗ ಇಳಿಸಿದರೆ ದೊಡ್ಡಿಯ ಹೊರಗಿನ ಮೀನು ಬೆದರಿ ಹಿನ್ನೀರಿಗೆ ವಾಪಸು ಓಡುತ್ತದೆ. ತಡವಾದರೆ ಒಳಗೆ ಬಂದದ್ದೂ ದೊಡ್ಡಿಯ ಬಾಯಿ ಹುಡುಕಿಕೊಂಡು ಹೋಗುತ್ತದೆ. ನೀನು ಒಬ್ಬಳು ತಪ್ಪಿದರೆ ಅಷ್ಟೂ ಮನೆಗಳ ವರ್ಷ ಹಾಳು. ಆಮೇಲೆ ಆ ದಂಡೆಯಲ್ಲಿ ತಲೆಯೆತ್ತಿ ಓಡಾಡಬೇಕಾದವಳು ನೀನು.

ದೊಡ್ಡಿಯನ್ನು ಫೋಟಿಸ್‌ಗೆ ಕೊಡು. ನನ್ನ ತಮ್ಮನ ಮಗ, ಹೊರಗಿನವನಲ್ಲ. ಗೂಟ ಅವನೇ ನೆಡಲಿ.

ಪಕ್ಕದ ಹಾಸಿಗೆಯವನು ಬೆಟ್ಟದ ಕಡೆಯ ಕುರುಬ. ಸಮುದ್ರವನ್ನು ಕಿಟಕಿಯಿಂದ ನೋಡಿದರೂ ಹೊಟ್ಟೆ ತೊಳಸುತ್ತದೆ ಅನ್ನುತ್ತಾನೆ. ಇಂಥವರ ನಡುವೆ ಇದ್ದೇನೆ.

ಬನಿಯನ್ ಬಂತು. ಅಮ್ಮನಿಗೆ ಹೇಳು.

ಅಪ್ಪ


ಅಳಿವೆಯ ಗುಡಿಸಲು
ಆಗಸ್ಟ್ ೨೦

ಅಪ್ಪ,

ನೀನು ಹೇಳಿದ ಹಾಗೆ ಫೋಟಿಸ್‌ನನ್ನು ಕರೆದೆ. ಬಂದ. ಇಸ್ತ್ರಿ ಮಾಡಿದ ಪ್ಯಾಂಟು, ಬಿಳಿ ಶೂ. ದೋಣಿಯ ತಳದಲ್ಲಿ ಎಂದಿನಂತೆ ಒಂದಿಷ್ಟು ನೀರು ನಿಂತಿತ್ತು. ಅವನು ಶೂ ಬಿಚ್ಚಿ ಎದೆಗೆ ಅವುಚಿಕೊಂಡು ಕೂತ. ತಡಿಕೆ ತಲುಪುವವರೆಗೂ ಮಗುವನ್ನು ಎತ್ತಿಕೊಂಡವನ ಹಾಗೆ ಇದ್ದ. ಅವನು ಕೆಟ್ಟವನಲ್ಲ. ಮಧ್ಯಾಹ್ನ ನಾನು ಸುಟ್ಟ ಹಾವುಮೀನು ತಿಂದು, ಚೆನ್ನಾಗಿದೆ ಅಂತ ಹೇಳಿ, ನೆರಳಿನಲ್ಲಿ ನಿದ್ದೆ ಮಾಡಿದ. ಪಾಚಿ ಬಂದು ತಡಿಕೆಗೆ ಅಡರಿಕೊಂಡಾಗ ಎಬ್ಬಿಸಿದೆ.

"ನೀನೇ ತೆಗಿಯೇ. ನಂಗೆ ಆ ಲೋಳೆ ಮುಟ್ಟಿದ್ರೆ ಮೈಯೆಲ್ಲ ಜುಂ ಅನ್ನತ್ತೆ."

"ಮತ್ತೆ ದೊಡ್ಡಿ ಯಾಕೆ ನಿಂಗೆ?"

"ನಾನು ಮದುವೆ ಆಗ್ಬೇಕು ಅಂತಿರೋ ಹುಡುಗಿ ಅಪ್ಪ ಕೇಳ್ತಾನಲ್ಲ, ನಿಂಗೆ ದೊಡ್ಡಿ ಇದೆಯಾ ಅಂತ. ಏನ್ ಹೇಳ್ಲಿ?"

"ಇಲ್ಲ ಅನ್ನು."

"ನೀನು ಊರವರ ಮುಂದೆ ಬಾಯಿ ಬಿಡಲ್ಲ. ನನ್ ಹತ್ರ ಮಾತ್ರ ನಾಲಿಗೆ ಚೂರಿ ಥರ ಇದೆ ನೋಡು" ಅಂತ ನಕ್ಕ.

ಮಾರನೆಯ ದಿನ ಅವನು ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಆದರೆ ಗೂಟ ನೆಡುವ ದಿನ ಮಾತ್ರ ಖಂಡಿತ ಬರುತ್ತಾನೆ. ಅದಕ್ಕೆ ಶೂ ಬಿಚ್ಚಬೇಕಾಗಿಲ್ಲವಲ್ಲ.

ಕನ್ಯಾಮರಿಯಮ್ಮನ ಹಬ್ಬಕ್ಕೆ ಅಮ್ಮ ನಿನ್ನ ಹೆಸರಲ್ಲಿ ಮೇಣದ ಬತ್ತಿ ಹಚ್ಚಿದಳು. ಉದ್ದದ್ದು. ಊಟಕ್ಕೆ ಕೂತಾಗ ನಿನ್ನ ತಟ್ಟೆಯನ್ನೂ ಇಟ್ಟಳು, ಆಮೇಲೆ ನೋಡಿ ಎತ್ತಿಟ್ಟಳು.

ಗರೂಫೊ


ಅಳಿವೆಯ ಗುಡಿಸಲು
ಸೆಪ್ಟೆಂಬರ್ ೧೫

ಅಪ್ಪ,

ನಿನ್ನಿಂದ ಉತ್ತರ ಬರಲಿಲ್ಲ. ಅದನ್ನು ಒಪ್ಪಿಗೆ ಎಂದುಕೊಳ್ಳಲಿಲ್ಲ. ಬೇಡ ಅಂದೆ ಎಂದೂ ಅಂದುಕೊಳ್ಳಲಿಲ್ಲ. ನಿನ್ನೆ ಶಿಲುಬೆ ಹಬ್ಬವಾಯಿತು. ಬೇರೆಯವರ ಬಾಯಿಂದ ಕೇಳುವುದಕ್ಕೆ ಮುಂಚೆ ನನ್ನಿಂದಲೇ ಕೇಳು.

ಪಾದ್ರಿಗಳು ದೋಣಿಯಲ್ಲಿ ನಿಂತು ಕಾಮಕಸ್ತೂರಿಯ ಕಟ್ಟನ್ನು ನೀರಿಗೆ ಅದ್ದಿ ತಡಿಕೆಯ ಉದ್ದಕ್ಕೂ ಚಿಮುಕಿಸಿದರು. ಎಲ್ಲ ದೊಡ್ಡಿಗಳವರೂ ಕಾಲುಹಲಗೆಯ ಮೇಲೆ ತಮ್ಮ ತಮ್ಮ ಗೂಟ ಹಿಡಿದು ನಿಂತಿದ್ದರು. ನಾನೂ ನಿಂತಿದ್ದೆ. ಫೋಟಿಸ್ ನನ್ನ ಪಕ್ಕದಲ್ಲೇ ನಿಂತಿದ್ದ, ನೀಲಿ ಬಣ್ಣ ಬಳಿದ ಗೂಟ ಹಿಡಿದು. ಬಣ್ಣ ಇನ್ನೂ ಒಣಗಿರಲಿಲ್ಲ. ಅಂಗೈ ನೀಲಿಯಾಗಿತ್ತು.

ಸ್ಟಾಮೂಲಿಸ್ ಮಾವ ಕೇಳಿದ: "ಮೊದಲ ದೊಡ್ಡಿ ಯಾರದು?"

ನಾನು ಹೇಳಿದೆ. ನನ್ನ ಕಿವಿಗೆ ಮಾತ್ರ ಕೇಳಿಸಿತು.

"ಮೀನಿಗೆ ಕೇಳಿಸ್ತು, ನಮಗಿಲ್ಲ" ಅಂತ ಕೊನೆಯ ದೊಡ್ಡಿಯ ಪಾನೂರ್ಯಾಸ್ ಅಲ್ಲಿಂದಲೇ ಕೂಗಿದ. ಎಲ್ಲರೂ ನಕ್ಕರು. ಪಾದ್ರಿಗಳು ಗಡ್ಡದೊಳಗೆ ನಕ್ಕರು. ಫೋಟಿಸ್ ಬಾಯಿ ತೆರೆದ. ಅವನು ಬಾಯಿ ತೆರೆದದ್ದು ನೋಡಿ ನನಗೆ ಏನಾಯಿತೋ.

"ನಂದು! ಸ್ಟಾಥಿಸನ ಮಗಳು ಗರೂಫೊ! ನಂದು ಮೊದಲ ದೊಡ್ಡಿ!"

ಕಂಬಗಳ ಮೇಲೆ ರೆಕ್ಕೆ ಒಣಗಿಸುತ್ತಿದ್ದ ನೀರುಕಾಗೆಗಳೆಲ್ಲ ಎದ್ದು ಹಾರಿದವು.

"ಸಾಕು ಸಾಕು, ನಾವೇನು ಆಚೆ ದಡದಲ್ಲಿದೀವಾ?" ಅಂದ ಮಾವ. ಆಮೇಲೆ ಸುತ್ತಿಗೆಯನ್ನು ನನ್ನ ಕೈಗೆ ಕೊಟ್ಟ.

ಪಾನೂರ್ಯಾಸ್ ಮಾತ್ರ ಬಿಡಲಿಲ್ಲ. "ನಾಳೆ ಸ್ಟಾಥಿಸ್ ಬಂದು ಕೇಳಿದ್ರೆ ನೀನೇ ಉತ್ತರ ಹೇಳ್ಬೇಕು ಯಜಮಾನ. ನಾನಂತೂ ನೋಡೇ ಇಲ್ಲ ಅಂತೀನಿ."

ಗೂಟ ಗಟ್ಟಿಯಾಗಿ ಕೂತಿದೆ. ಫೋಟಿಸ್ ತನ್ನ ನೀಲಿ ಗೂಟವನ್ನು ನನಗೇ ಕೊಟ್ಟು ಹೋದ, ದೋಣಿ ಕಟ್ಟಲು ಆಗುತ್ತದೆ ಅಂತ. ಹೋಗುವಾಗ ಅವನ ಮುಖ ನೋಡಲಾಗಲಿಲ್ಲ.

ಗರೂಫೊ


ಆಸ್ಪತ್ರೆ, ಪಾತ್ರಾಸ್
ಸೆಪ್ಟೆಂಬರ್ ೨೨

ಗರೂಫೊ,

ನಿನ್ನ ಕಾಗದಕ್ಕೆ ಮುಂಚೆ ಸುದ್ದಿ ಬಂತು. ಹಡಗಿನಲ್ಲಿ ಟಿಕೆಟ್ ಹರಿಯುವವನು ತನ್ನ ಅತ್ತೆಯನ್ನು ನೋಡಲು ಬಂದಿದ್ದ. ನನ್ನ ಹಾಸಿಗೆಯ ಹತ್ತಿರ ನಿಂತು ನೀನು ಕೂಗಿದ್ದನ್ನು ಅಭಿನಯ ಮಾಡಿ ತೋರಿಸಿದ. ವಾರ್ಡಿನವರೆಲ್ಲ ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ.

ನೆಟ್ಟ ಗೂಟ ಕೀಳಿಸಿದರೆ ಅಪಶಕುನ. ಇರಲಿ. ಆದರೆ ಕೇಳು. ನೀನು ಅಲ್ಲಿ ನಿಲ್ಲು, ನೋಡು, ಬರೆ. ಬಾಗಿಲು ಯಾವಾಗ ಇಳಿಸಬೇಕೆಂದು ನಾನು ಹೇಳುತ್ತೇನೆ. ಅದಕ್ಕೆಂದೇ ಕುರುಬನ ಹತ್ತಿರ ಹಾಸಿಗೆ ಬದಲಾಯಿಸಿಕೊಂಡು ಕಿಟಕಿಯ ಪಕ್ಕ ಬಂದಿದ್ದೇನೆ. ಅವನಿಗೂ ಖುಷಿ, ಸಮುದ್ರ ಕಾಣುವುದಿಲ್ಲವಲ್ಲ. ಬಡಗಣ ಗಾಳಿಗೆ ಹಿನ್ನೀರು ತಣ್ಣಗಾದರೆ ಮೀನು ಸಮುದ್ರಕ್ಕೆ ಹೊರಡುತ್ತದೆ. ಮೊದಲ ಬಡಗಣ ಗಾಳಿ ಬೀಸಿದ ಕೂಡಲೇ ತಂತಿ ಕೊಡುತ್ತೇನೆ. ತಂತಿ ಕೈಗೆ ಬಂದ ಮೇಲೆ ಯಾರನ್ನೂ ಏನೂ ಕೇಳಬೇಡ. ಇಳಿಸು.

ಇವತ್ತು ಬೂಟು ಹೊಲಿಯುವವನು ಬಂದಿದ್ದ. ಒಂದು ಕಾಲು ಅಳೆದ, ಬರೆದುಕೊಂಡ, ಆಮೇಲೆ ಇನ್ನೊಂದನ್ನು ಅಳೆದ. ಎರಡನ್ನೂ ಯಾಕೆ ಅಳೆಯುತ್ತೀ ಮಾರಾಯ, ಒಂದೇ ಜೊತೆಯಲ್ಲವೇ ಅಂದೆ. ನಮ್ಮದು ಹೀಗೇ ಅಂದ.

ಅಪ್ಪ


ಅಳಿವೆಯ ಗುಡಿಸಲು
ಅಕ್ಟೋಬರ್ ೪

ಅಪ್ಪ,

ನೀರು ಇನ್ನೂ ಬೆಚ್ಚಗಿದೆ. ತೆಂಕಣ ಗಾಳಿ ಬಿಟ್ಟು ಬಿಟ್ಟು ಬೀಸುತ್ತಿದೆ. ಮೊಟ್ಟೆ ಹೊತ್ತ ಹೆಣ್ಣು ಮೀನು, ನಮ್ಮ ಬಾಫಾಗಳು, ಹಿನ್ನೀರಿನ ನಡುವೆ ಮೈ ಬೆಳೆಸಿಕೊಳ್ಳುತ್ತಿವೆ. ನಿನ್ನೆ ಬೀಸುಬಲೆಗೆ ಒಂದು ಬಿದ್ದಿತ್ತು. ಹೊಟ್ಟೆಯ ಎರಡೂ ಕಡೆ ಮೊಟ್ಟೆಚೀಲ ತುಂಬಿ ಜೇನಿನ ಬಣ್ಣಕ್ಕೆ ಬಂದಿದೆ. ಅಮ್ಮ ಅದಕ್ಕೆ ಉಪ್ಪು ಹಚ್ಚಿ ನೆರಳಿಗೆ ಇಟ್ಟಿದ್ದಾಳೆ. ಒಣಗಿದ ಮೇಲೆ ಮೇಣದಲ್ಲಿ ಅದ್ದಿ ನಿನಗೇ ಕಳಿಸುತ್ತಾಳಂತೆ. ಕುರುಬನಿಗೂ ಒಂದು ಚೂರು ಕೊಡು. ಸಮುದ್ರದ ಮೇಲೆ ಅವನಿಗಿರುವ ಸಿಟ್ಟು ಕಡಿಮೆಯಾದೀತು.

ತಂಡದವರ ಜೊತೆ ಈಗ ಅಷ್ಟು ಕಷ್ಟವಿಲ್ಲ. ನಾನು ಮಾತಾಡುವುದಿಲ್ಲ, ಅವರು ಒಂದು ಮಾತಿಗೂ ಬಿಡುವು ಕೊಡುವುದಿಲ್ಲ. ಒಟ್ಟಿನಲ್ಲಿ ಸರಿಹೋಗುತ್ತದೆ.

ನಿನ್ನ ಕಾಗದ ಅಮ್ಮನಿಗೆ ಓದಿ ಹೇಳಿದೆ. ಬೂಟಿನವನ ಭಾಗ ಓದಲಿಲ್ಲ.

ಗರೂಫೊ


ತಂತಿ
ಪಾತ್ರಾಸ್, ಅಕ್ಟೋಬರ್ ೧೭

ಬಡಗಣ ಗಾಳಿ ಬಂತು. ಬಾಗಿಲು ಇಳಿಸು. ಅಪ್ಪ


ಅಳಿವೆಯ ಗುಡಿಸಲು
ಅಕ್ಟೋಬರ್ ೧೭, ಸಂಜೆ

ಅಪ್ಪ,

ಇಳಿಸಲಿಲ್ಲ.

ತಂತಿ ಮಧ್ಯಾಹ್ನ ಬಂತು. ತಂದವನು ದಾರಿಯುದ್ದಕ್ಕೂ ಓದಿ ಹೇಳಿಕೊಂಡು ಬಂದಿದ್ದ. ಹಾಗಾಗಿ ನನ್ನ ಕೈ ಸೇರುವಾಗ ಎಲ್ಲರೂ ತಮ್ಮ ತಮ್ಮ ಬಾಗಿಲಿನ ಹಗ್ಗ ಹಿಡಿದು ನಿಂತಿದ್ದರು.

ಇಲ್ಲೂ ಗಾಳಿ ಇದೆ. ಆದರೆ ಪಾತ್ರಾಸ್‌ನಲ್ಲಿ ನಿನ್ನ ಕಿಟಕಿ ಬಡಿಯುವುದು ಕೊಲ್ಲಿಯ ಇರುಕಿನಿಂದ ನುಗ್ಗಿ ಬರುವ ಗಾಳಿ. ಇಲ್ಲಿ ಅದರ ಬಾಲ ಮಾತ್ರ ಬಂದಿದೆ. ಜೊಂಡು ಅಲ್ಲಾಡುತ್ತಿದೆ, ನೀರು ತಣ್ಣಗಾಗಿಲ್ಲ. ನಾನು ದೊಡ್ಡಿಯೊಳಗೆ ಬಗ್ಗಿ ನೋಡಿದೆ. ಬಂದಿರುವುದೆಲ್ಲ ಗಂಡು ಮೀನು, ತೆಳ್ಳಗಿನವು. ಬೆಲೆ ಬರುವ ಬಾಫಾ ಒಂದೂ ಇಲ್ಲ. ಅವು ಹಿಂದೆ ಇವೆ. ಈಗ ಬಾಗಿಲು ಬಿದ್ದ ಸದ್ದಿಗೆ ಅವು ತಿರುಗಿಬಿಡುತ್ತವೆ.

"ಇಳಿಸೇ" ಅಂದ ಪಾನೂರ್ಯಾಸ್.

"ಬೇಡ."

"ಸ್ಟಾಥಿಸ್ ಹೇಳಿದ್ಮೇಲೆ ಮುಗೀತು. ಅವನು ಹಾಸಿಗೆಯಿಂದ ಹೇಳ್ಲಿ, ಸಮಾಧಿಯಿಂದ ಹೇಳ್ಲಿ, ಮೀನಿನ ವಿಷಯದಲ್ಲಿ ಅವನ ಮಾತೇ ಮಾತು. ನಿಂಗೆ ನಿಮ್ಮಪ್ಪನ್ನ ಮೀರೋ ಅಷ್ಟು ಬಂತಾ?"

"ಅಪ್ಪ ಇಲ್ಲಿ ಇದ್ದಿದ್ರೆ ಅವನೂ ಇಳಿಸ್ತಿರ್ಲಿಲ್ಲ. ಬಂದು ನೋಡು, ಬರೀ ಗಂಡು."

"ನೋಡ್ತಾ ಕೂತ್ರೆ ಅವೂ ಹೋಗ್ತವೆ!"

"ಹೋಗ್ಲಿ."

ಇಷ್ಟು ಮಾತನ್ನು ನಾನು ಅವರ ಮುಂದೆ ಒಟ್ಟಿಗೆ ಆಡಿದ್ದು ಇದೇ ಮೊದಲು. ಸ್ಟಾಮೂಲಿಸ್ ಮಾವ ಬಂದು ಬಗ್ಗಿ ನೋಡಿದ. "ಮೊದಲ ದೊಡ್ಡಿ ಯಾರದೋ ಅವರು ಇಳಿಸ್ತಾರೆ" ಅಂದು ಸಿಗರೇಟು ಹಚ್ಚಿದ.

ನಿನ್ನ ಮಾತು ಮೀರಿದ್ದೇನೆ. ಮರೆತು ಮೀರಿದ್ದಲ್ಲ, ನೋಡಿ ಮೀರಿದ್ದು. ಏನಾಗುತ್ತದೆಂದು ಇನ್ನೂ ಗೊತ್ತಿಲ್ಲ. ಆದರೂ ಇವತ್ತೇ ಬರೆದುಬಿಡೋಣ ಅನ್ನಿಸಿತು. ಗೆದ್ದ ಮೇಲೆ ಬರೆದರೆ ಏನು ಬಂತು.

ಗರೂಫೊ


ಆಸ್ಪತ್ರೆ, ಪಾತ್ರಾಸ್
ಅಕ್ಟೋಬರ್ ೨೧

ಗರೂಫೊ,

ಇಳಿಸಲಿಲ್ಲ ಎಂದು ಬರೆದ ಮೇಲೆ ನಿನ್ನಿಂದ ಒಂದು ಗೆರೆಯೂ ಇಲ್ಲ. ಟಿಕೆಟ್ಟಿನವನು ಹತ್ತೊಂಬತ್ತರ ಬೆಳಗಿನ ಹಡಗಿಗೆ ಮತ್ತೆ ಬಂದಿದ್ದ. ಹದಿನೆಂಟರ ಬೆಳಿಗ್ಗೆ ದೊಡ್ಡಿಗಳೆಲ್ಲ ಖಾಲಿ ಇದ್ದವಂತೆ. ಇದ್ದ ಗಂಡು ಮೀನೂ ಹೋಯಿತಂತೆ. ಕಾಫಿ ಅಂಗಡಿಯಲ್ಲಿ ನಮ್ಮ ಮನೆಯ ಹೆಸರು ಎತ್ತಿದರೆ ಉಗಿಯುತ್ತಾರಂತೆ. ಈ ಸಲ ಅವನು ಅಭಿನಯ ಮಾಡಲಿಲ್ಲ. ಹೇಳಿ ಹೋದ.

ನಾನು ಹೇಳಿದ್ದೇನು, ನೀನು ಮಾಡಿದ್ದೇನು. ಇಪ್ಪತ್ತು ವರ್ಷ ಆ ಹಗ್ಗ ಹಿಡಿದವನು ನಾನು. ನೀನು ಒಂದು ತಿಂಗಳು ಹಿಡಿದವಳು.

ಸ್ಟಾಮೂಲಿಸ್‌ಗೂ ಇವತ್ತೇ ಬರೆದು ಹಾಕಿದ್ದೇನೆ. ಅಪಶಕುನವಾದರೆ ಆಗಲಿ, ಅವಳ ಗೂಟ ಕಿತ್ತು ಫೋಟಿಸ್‌ಗೆ ಕೊಡು ಅಂತ. ಎಲ್ಲರ ಹೊಟ್ಟೆಯ ಮೇಲೆ ಹೊಡೆದು ನಾವು ಬದುಕುವುದು ಬೇಡ.

ರಾತ್ರಿ ಗಾಳಿ ನಿಂತಿತು. ಕಿಟಕಿ ಸದ್ದು ಮಾಡದಿದ್ದರೆ ನಿದ್ದೆ ಬರುವುದಿಲ್ಲ. ಬರೆ. ಏನಾಗಿದ್ದರೂ ಬರೆ.

ಅಪ್ಪ


ಅಳಿವೆಯ ಗುಡಿಸಲು
ಅಕ್ಟೋಬರ್ ೨೭

ಅಪ್ಪ,

ಬರೆಯಲು ಕೈ ಇರಲಿಲ್ಲ. ಉಪ್ಪಿನಲ್ಲಿ ಬೆರಳುಗಳು ಬಿರಿದು ಪೆನ್ಸಿಲು ನಿಲ್ಲುತ್ತಿರಲಿಲ್ಲ. ಈಗಲೂ ಅಕ್ಷರ ವಕ್ರ.

ಟಿಕೆಟ್ಟಿನವನು ಹೇಳಿದ್ದು ಸುಳ್ಳಲ್ಲ. ಹದಿನೆಂಟರ ಬೆಳಿಗ್ಗೆ ದೊಡ್ಡಿ ಖಾಲಿ ಇತ್ತು. ಆ ದಿನವೆಲ್ಲ ಯಾರೂ ನನ್ನ ಹತ್ತಿರ ಮಾತಾಡಲಿಲ್ಲ. ಪಾನೂರ್ಯಾಸ್ ತನ್ನ ಬುತ್ತಿ ತೆಗೆದುಕೊಂಡು ನನಗೆ ಬೆನ್ನು ಹಾಕಿ ಕೂತು ತಿಂದ. ಅಮ್ಮ ದೋಣಿಯಲ್ಲಿ ಬಂದಳು. ಯಾರು ಯಾರು ಏನೇನು ಅಂದರೆಂದು ಅವಳ ಕಿವಿಗೂ ಬಿದ್ದಿತ್ತು. ನನ್ನ ಪಕ್ಕ ಕಾಲುಹಲಗೆಯ ಮೇಲೆ ಕೂತು ಕಾಲು ಇಳಿಬಿಟ್ಟು ಆಲಿವ್ ಕಾಯಿ ತಿಂದಳು. ಬೀಜವನ್ನು ನೀರಿಗೆ ಉಗಿಯುತ್ತಿದ್ದಳು. ಕತ್ತಲಾಗುವ ಮುಂಚೆ ಹೋದಳು.

ನನಗೆ ಹೆದರಿಕೆಯಾಗಲಿಲ್ಲ ಅಂದರೆ ನೀನು ನಂಬುವುದಿಲ್ಲ. ಆದರೆ ದೊಡ್ಡಿಯ ಬಾಯಲ್ಲಿ ಕೈ ಇಳಿಬಿಟ್ಟಾಗಲೆಲ್ಲ ನೀರು ಇನ್ನೂ ಬೆಚ್ಚಗೇ ಇತ್ತು. ಬೆಚ್ಚಗಿರುವವರೆಗೂ ನನ್ನ ಲೆಕ್ಕ ತಪ್ಪಿಲ್ಲ ಅಂದುಕೊಂಡೆ.

ಹತ್ತೊಂಬತ್ತರ ಬೆಳಿಗ್ಗೆ ಕಾಫಿ ಕುಡಿಯುತ್ತಿದ್ದೆವು. ಬೆಟ್ಟದ ಮೇಲಿನ ಮೋಡ ಹರಿದು ಗಾಳಿ ಬಂತು. ಈ ಸಲ ತಲೆಯಿಂದ ಬಾಲದವರೆಗೂ. ಲೋಟದಲ್ಲಿದ್ದ ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಆರಿತು. ಕೈ ಇಳಿಬಿಟ್ಟರೆ ನೀರಿನ ಮೇಲಿನ ಪದರ ಕೊರೆಯುತ್ತಿತ್ತು. ಹಿನ್ನೀರಿನ ಕಡೆಯಿಂದ ನೀರು ಕಪ್ಪಾಗುತ್ತ ಬಂತು. ಮೋಡದ ನೆರಳು ಅಂದುಕೊಂಡೆ. ಮೇಲೆ ನೋಡಿದರೆ ಮೋಡವೇ ಇಲ್ಲ.

"ಬಾಫಾ" ಅಂತ ಸ್ಟಾಮೂಲಿಸ್ ಮಾವ ಅಂದ. ಗಟ್ಟಿಯಾಗಿ ಅಲ್ಲ, ನನ್ನ ಹಾಗೆ.

ಪಾನೂರ್ಯಾಸ್ ಓಡಿ ಬಂದು ತನ್ನ ಹಗ್ಗ ಹಿಡಿದ. "ಇಳಿಸೇ! ಇಳಿಸೇ! ಏನ್ ಪೂಜೆ ಮಾಡ್ತಿದೀಯಾ?"

"ಇನ್ನೂ ಬರ್ತಿದಾವೆ. ಸುಮ್ನಿರು."

"ನನ್ನ ಎದೆ ಒಡೆಯತ್ತೆ ಕಣೇ!"

"ಸದ್ದು ಮಾಡ್ದೆ ಒಡ್ಕೊ."

ಬರುತ್ತಲೇ ಇದ್ದವು. ದೊಡ್ಡಿಯ ಗೋಡೆಗಳು ಉಬ್ಬಿದವು. ನಾನು ಹೆಣೆದ ಜೊಂಡು ಕಿರುಗುಟ್ಟಿತು, ಬಿಡಲಿಲ್ಲ. ಬಾಯಿಯ ಹತ್ತಿರ ಒಂದು ಬಾಫಾ ನಿಂತು ಮೂತಿ ತಿರುಗಿಸಿತು, ಹೊರಗೆ ಹೋಗುವ ದಾರಿ ನೆನಪಾದವಳ ಹಾಗೆ. ಆಗ ಹಗ್ಗ ಬಿಟ್ಟೆ. ಹಿಂದೆಯೇ ಎರಡನೆಯದು, ಮೂರನೆಯದು, ಕೊನೆಯವರೆಗೂ ದಡ್ ದಡ್ ಅಂತ ಬಾಗಿಲುಗಳು ಬಿದ್ದವು. ಆ ಸದ್ದನ್ನು ನಾನು ಇಷ್ಟು ವರ್ಷ ದಂಡೆಯಿಂದ ಕೇಳಿದ್ದೆ. ಮೇಲೆ ನಿಂತು ಕೇಳಿದರೆ ಅದು ಕಾಲಿನಿಂದ ಹತ್ತಿ ಬರುತ್ತದೆ, ಅಲ್ಲವಾ ಅಪ್ಪ?

ಎಲ್ಲರ ದೊಡ್ಡಿಯೂ ತುಂಬಲಿಲ್ಲ. ಪಾನೂರ್ಯಾಸನಿಗೆ ಅರ್ಧ ದೊಡ್ಡಿ ಬಂತು. ನಾನು ಇನ್ನೂ ಸ್ವಲ್ಪ ತಡೆದಿದ್ದರೆ ಅವನಿಗೂ ಬರುತ್ತಿತ್ತು. ಅದನ್ನು ಅವನು ದಿನಾ ಹೇಳುತ್ತಾನೆ. ಮೊನ್ನೆಯವರೆಗೆ ಬೇಗ ಇಳಿಸು ಅಂದವನು ಈಗ ಯಾಕೆ ತಡೆಯಲಿಲ್ಲ ಅನ್ನುತ್ತಾನೆ. ಮುಂದಿನ ಗಾಳಿಗೆ ನೋಡೋಣ ಅಂದಿದ್ದೇನೆ.

ನೀನು ಸ್ಟಾಮೂಲಿಸ್ ಮಾವನಿಗೆ ಬರೆದ ಕಾಗದ ಬಂತು. ನನ್ನ ಎದುರಿಗೇ ಒಡೆದ. ಕನ್ನಡಕವನ್ನು ಮೂಗಿನ ಮೇಲೆ ಸರಿಮಾಡಿಕೊಂಡ, ಓದಿದ, ಮಡಿಚಿ ಜೇಬಿಗೆ ಹಾಕಿದ. "ಏನಂತೆ ಮಾವ?" ಅಂದೆ. "ಯಾರಿಗ್ಗೊತ್ತು, ಕನ್ನಡಕ ಒಡೆದಿದೆ" ಅಂದ. ಕನ್ನಡಕ ಮೂಗಿನ ಮೇಲೇ ಇತ್ತು.

ಫೋಟಿಸ್ ಬಂದು ಮೂರು ದಿನ ಬುಟ್ಟಿ ಹೊತ್ತ. ಬರಿಗಾಲಲ್ಲಿ. ಅವನಿಗೆ ನನ್ನ ಪಾಲಿನಲ್ಲಿ ಕೆಲಸ ಕೊಟ್ಟಿದ್ದೇನೆ. ಹುಡುಗಿಯ ಅಪ್ಪನಿಗೆ ಅಷ್ಟು ಸಾಕಂತೆ.

ನಿನ್ನ ಕಾಲಿನ ವಿಷಯ ಡಾಕ್ಟರ ಹತ್ತಿರ ಫೋಟಿಸ್ ಕೇಳಿ ಬಂದಿದ್ದಾನೆ. ಅಮ್ಮನಿಗೂ ಈಗ ಗೊತ್ತು. ಹಡಗುಕಟ್ಟೆಯಿಂದ ಮನೆಗೆ ದೋಣಿಯಲ್ಲೇ ಕರೆತರಬೇಕು. ನಿನಗೆ ಹಿಂದೆ ನಿಂತು ಗಳ ಹಾಕಲಾಗುವುದಿಲ್ಲ. ನಡುವೆ ಹಾಸಿಗೆ ಹಾಸುತ್ತೇನೆ. ಬರುತ್ತೀಯಾ?

ಗರೂಫೊ


ಆಸ್ಪತ್ರೆ, ಪಾತ್ರಾಸ್
ನವೆಂಬರ್ ೬

ಮಗಳೇ,

ನಿನ್ನ ಕಾಗದವನ್ನು ಕುರುಬನಿಗೆ ಓದಿ ಹೇಳಿದೆ. ಬಾಫಾ ಬಂದ ಜಾಗದಲ್ಲಿ ಅವನು ಹಾಸಿಗೆಯಿಂದ ಎದ್ದು ಕೂತ. ಮತ್ತೊಂದು ಸಲ ಓದು ಅಂದ. ಓದಿದೆ.

ಕಿಟಕಿಯಿಂದ ನನಗೆ ಗಾಳಿ ಕಂಡಿತು, ನೀರು ಕಾಣಲಿಲ್ಲ. ತಂತಿಯನ್ನು ಒಲೆಗೆ ಹಾಕು. ಸ್ಟಾಮೂಲಿಸ್‌ನ ಜೇಬಿನಲ್ಲಿರುವುದನ್ನೂ ಹಾಕು. ಅವನು ಕೊಡದಿದ್ದರೆ ಕೋಟನ್ನೇ ಹಾಕು.

ಕಾಲಿನಿಂದ ಹತ್ತಿ ಬರುತ್ತದೆಯಾ ಅಂತ ಕೇಳಿದ್ದೀ. ಹೌದು. ಮೊಣಕಾಲಿನ ಹತ್ತಿರ ಸ್ವಲ್ಪ ನಿಂತು ಆಮೇಲೆ ಎದೆಗೆ ಬರುತ್ತದೆ. ಅದನ್ನು ಯಾರ ಹತ್ತಿರವೂ ಮಾತಾಡಿರಲಿಲ್ಲ. ನನಗೊಬ್ಬನಿಗೆ ಮಾತ್ರ ಹಾಗೆ ಅಂದುಕೊಂಡಿದ್ದೆ.

ಒಂದು ಕಾಲು ಗಿಡ್ಡವಾಗಿದೆ. ಬೂಟಿನ ತಳ ದಪ್ಪ ಮಾಡಿ ಸರಿದೂಗಿಸಿದ್ದಾರೆ. ನೆಲದ ಮೇಲೆ ನಡೆಯಬಹುದು. ಕಾಲುಹಲಗೆಯ ಮೇಲೆ ಇನ್ನಾಗುವುದಿಲ್ಲ. ಇದನ್ನು ಬರೆಯಲು ಇಷ್ಟು ದಿನ ಬೇಕಾಯಿತು. ಬರೆದ ಮೇಲೆ ನೋಡಿದರೆ ಎರಡೇ ಸಾಲು.

ಹನ್ನೊಂದನೇ ತಾರೀಖಿನ ಹಡಗಿಗೆ ಬರುತ್ತೇನೆ. ದೋಣಿಯ ನಡುವೆ ಕೂರುತ್ತೇನೆ. ಆದರೆ ಗಳ ಹಾಕುವುದು ನೀನೇ ಆಗಬೇಕು, ಫೋಟಿಸ್ ಅಲ್ಲ. ನೇರ ಮನೆಗೆ ಹೋಗಬೇಡ. ಈಗ ಹಾವುಮೀನು ಸಮುದ್ರಕ್ಕೆ ಇಳಿಯುವ ಹೊತ್ತು. ಮೊದಲ ದೊಡ್ಡಿಯ ಹತ್ತಿರ ದೋಣಿ ಕಟ್ಟಿ ನೀನು ಮೇಲೆ ಹತ್ತು. ಬಾಗಿಲು ಯಾವಾಗ ಇಳಿಸುತ್ತೀ ಅಂತ ನಾನು ಕೇಳುವುದಿಲ್ಲ. ಕೇಳದೆ ಇರುವುದು ನನಗೆ ಸುಲಭವಲ್ಲ. ಅಮ್ಮನಿಗೆ ಹೇಳಿ ದೋಣಿಯಲ್ಲಿ ಒಂದು ದೊಡ್ಡ ರೊಟ್ಟಿ ಇಡಿಸು. ನೀನು ಹಗ್ಗ ಬಿಡುವವರೆಗೂ ನನ್ನ ಬಾಯಿ ತುಂಬಿರಲಿ.

ನಿನ್ನ ಅಪ್ಪ,
ಸ್ಟಾಥಿಸ್